ಎಷ್ಟು ಕೊಡುತ್ತೆ ಅಂತ ಕೇಳಿದ್ದಕ್ಕೆ

ಮನೆಗೆ ಬಂದು ಎರಡು ಗಂಟೆಯಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಬರೆದಾದರೂ ಇಳಿಸೋಣ ಅಂತ ಕೂತಿದ್ದೇನೆ. ಉದ್ದವಾಗುತ್ತೆ, ಪುರುಸೊತ್ತಿದ್ದವರು ಓದಿ.

ಹೆಬ್ರಿಯಲ್ಲಿ ಅಕ್ಕನ ಮಗಳ ಮನೆಯೊಕ್ಕಲು ಮುಗಿಸಿಕೊಂಡು ಮಧ್ಯಾಹ್ನ ಆಗುಂಬೆ ಘಾಟಿ ಹತ್ತಿ ಬರ್ತಿದ್ದೆ. ಸೋಮೇಶ್ವರ ದಾಟುತ್ತಿದ್ದ ಹಾಗೆ ಹಿಂದೆ ನಾಲ್ಕು ಕಾರು ಸಾಲಾಗಿ ಬಂದು ಅಂಟಿಕೊಂಡವು. ಎಲ್ಲಾ ಹೊಸವು. ಎರಡಕ್ಕೆ ಸೈಲೆನ್ಸರ್ ಬದಲಾಯಿಸಿದ್ದು ಸದ್ದಿನಲ್ಲೇ ತಿಳೀತಿತ್ತು. ಒಂದು ತಿರುವಿನಲ್ಲಿ ಪಕ್ಕಕ್ಕೆ ತಗೊಂಡು ದಾರಿ ಬಿಟ್ಟೆ. ನಾಲ್ಕೂ ಕಾರು ಫಸ್ಟ್ ಗೇರಿನಲ್ಲಿ ಕಿರುಚಿಕೊಂಡು ಹೋದವು.

ಮೇಲೆ ಆಗುಂಬೆಯಲ್ಲಿ ಚಾ ಕುಡಿಯೋಣ ಅಂತ ನಿಲ್ಲಿಸಿದರೆ ಅವೇ ನಾಲ್ಕು ಕಾರು. ಒಂದರ ಬಾನೆಟ್ ಎತ್ತಿ ಏನೋ ನೋಡ್ತಿದ್ದರು. ಬಾನೆಟ್ ಎತ್ತಿದ್ದು ಕಂಡರೆ ನನ್ನ ಕಾಲು ತಾನಾಗಿ ಆ ಕಡೆ ಹೋಗುತ್ತೆ, ನಿಮಗೆಲ್ಲ ಗೊತ್ತಿರೋದೇ. ಒಂದು ಲೀಟರಿನ ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್ ಎಂಜಿನ್. ಇಷ್ಟು ಪುಟ್ಟ ಎಂಜಿನ್ನು ಅಷ್ಟು ದೊಡ್ಡ ಗಾಡಿಯನ್ನು ಹದಿನಾಲ್ಕು ತಿರುವು ಹತ್ತಿಸಿಕೊಂಡು ಬಂತಲ್ಲ ಅಂತ ನನಗೆ ನಿಜಕ್ಕೂ ಖುಷಿಯಾಯಿತು. ತಿರುವಿನಲ್ಲಿ ಆರ್‌ಪಿಎಂ ಬಿದ್ದರೆ ಟರ್ಬೊ ಮತ್ತೆ ಎದ್ದುಕೊಳ್ಳೋಕೆ ಎಷ್ಟು ಹೊತ್ತು ಬೇಕಾಗುತ್ತೆ, ಸೆಕೆಂಡ್ ಗೇರಲ್ಲೇ ಎಳೆಯುತ್ತಾ ಅಂತ ಕೇಳಿದೆ. ಹುಡುಗರು ಉತ್ಸಾಹದಿಂದ ಹೇಳಿದರು. ಮಾತು ಚೆನ್ನಾಗಿಯೇ ನಡೀತಿತ್ತು. ಆಮೇಲೆ ನಾನು, "ಘಾಟಿಯಲ್ಲಿ ಎಷ್ಟು ಕೊಡ್ತಪ್ಪ?" ಅಂದೆ.

ರೇಸ್ ಟೀಮಿನ ಟೋಪಿ ಹಾಕಿದ್ದ ಹುಡುಗ ಉಳಿದವರ ಮುಖ ನೋಡಿ ನಕ್ಕ. "ಆಂಟಿ, ಮೈಲೇಜ್ ನೋಡೋರು ಈ ಗಾಡಿ ತಗೊಳ್ಳಲ್ಲ. ನಾವು ಕಾರ್ ಪ್ರಿಯರು." ಪಕ್ಕದವನು, "ಮೈಲೇಜ್ ಬೇಕಿದ್ರೆ ಸ್ಕೂಟಿ ಇದೆಯಲ್ಲ ಆಂಟಿ" ಅಂದ. ಎಲ್ಲರೂ ನಕ್ಕರು.

ಆಂಟಿ ಅಂದಿದ್ದಕ್ಕೆ ಬೇಜಾರಿಲ್ಲ. ಅವರ ವಯಸ್ಸಿನ ಮಗ ಇದ್ದಾನೆ ನನಗೆ. ನೋವಾಗಿದ್ದು ಬೇರೆಯದಕ್ಕೆ. ಅಲ್ಲಿಯವರೆಗೆ ನಾನೂ ಅವರ ಹಾಗೇ ಒಬ್ಬ ಕಾರಿನ ಹುಚ್ಚಿನವಳಾಗಿದ್ದೆ. ಆ ಒಂದು ಪ್ರಶ್ನೆ ಕೇಳಿದ ಕ್ಷಣದಿಂದ, ತರಕಾರಿ ಅಂಗಡಿಯಲ್ಲಿ ಎರಡು ರೂಪಾಯಿ ಬಿಡು ಅಂತ ಜಗ್ಗಾಡುವ ಹೆಂಗಸಾಗಿಬಿಟ್ಟೆ. ಇದು ಇವತ್ತಿನ ಮಾತಲ್ಲ. ಶಿವಮೊಗ್ಗದಲ್ಲಿ ಕಾರಿನವರು ನಾಲ್ಕು ಜನ ಸೇರಿದ ಕಡೆಯೆಲ್ಲ ಕೇಳಿದ್ದೇನೆ. ಪಿಕಪ್ ಬಗ್ಗೆ ಮಾತಾಡಿದರೆ ರಸಿಕ, ಟಾರ್ಕ್ ಬಗ್ಗೆ ಮಾತಾಡಿದರೆ ತಿಳಿದವನು, ಮೈಲೇಜ್ ಬಗ್ಗೆ ಮಾತಾಡಿದರೆ ಜುಗ್ಗ. ಈ ಲೆಕ್ಕವನ್ನು ಯಾರು ಯಾವಾಗ ಬರೆದಿಟ್ಟರೋ ಗೊತ್ತಿಲ್ಲ. ನಾನು ಒಪ್ಪಲ್ಲ. ಕಾರನ್ನು ನಿಜವಾಗಿ ಪ್ರೀತಿಸೋನು ಅದು ಕುಡಿಯೋದರ ಮೇಲೆ ಕಣ್ಣಿಟ್ಟೇ ಇರ್ತಾನೆ. ಇಡದವನಿಗೆ ತನ್ನ ಕಾರು ಗೊತ್ತೇ ಇಲ್ಲ ಅನ್ನೋದು ನನ್ನ ಮಾತು.

"ಎಷ್ಟು ಕೊಡುತ್ತೆ?" ಈ ಮಾತನ್ನು ನಾವು ಹಸುವಿಗೂ ಹೇಳ್ತೀವಿ, ಕಾರಿಗೂ ಹೇಳ್ತೀವಿ. ನಾನು ಹುಟ್ಟಿದ ಮನೆಯ ಕೊಟ್ಟಿಗೆಯಲ್ಲಿ ಆರು ಹಸು ಇದ್ದವು. ಅಮ್ಮ ದಿನಾ ಎರಡು ಹೊತ್ತೂ ಯಾವ ಹಸು ಎಷ್ಟು ಕೊಟ್ಟಿತು ಅಂತ ನೋಡೋರು. ಬರೀ ಹಾಲಿನ ಆಸೆಗಲ್ಲ. ಒಂದು ಸಂಜೆ ಕರೆದು ಎದ್ದವರು, "ಕೆಂಪಿ ಅರ್ಧ ಲೀಟರ್ ಕಮ್ಮಿ ಕೊಟ್ಟಳು, ಏನೋ ಆಗಿದೆ" ಅಂದರು. ನಮಗೆ ಯಾರಿಗೂ ಏನೂ ಕಾಣಲಿಲ್ಲ. ಮೇವು ತಿಂತಿತ್ತು, ನೀರು ಕುಡೀತಿತ್ತು. ಮಾರನೇ ದಿನ ನೋಡಿದರೆ ಕೆಚ್ಚಲು ಬಾವು ಶುರುವಾಗಿತ್ತು. ಅಮ್ಮನಿಗೆ ಹಸುವಿನ ಮೇಲೆ ಪ್ರೀತಿ ಇಲ್ಲ, ಬರೀ ಹಾಲಿನ ಲೆಕ್ಕ ಅಂತ ಹೇಳೋ ಧೈರ್ಯ ಯಾರಿಗಿದೆ?

ಹೋದ ಆಷಾಢದಲ್ಲಿ ನನ್ನ ಕಾರಿಗೆ ಆದದ್ದು ಅದೇ.

ನನ್ನದು 1.2 ಲೀಟರಿನ ಹಳೇ ಸ್ವಿಫ್ಟ್ ಪೆಟ್ರೋಲ್. ಪ್ರತಿ ವಾರ ಶಿವಮೊಗ್ಗದಿಂದ ತೀರ್ಥಹಳ್ಳಿ ದಾಟಿ ತೋಟಕ್ಕೆ ಹೋಗಿ ಬರ್ತೀನಿ. ಅದೇ ರಸ್ತೆ, ಅದೇ ಡ್ರೈವರು. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ಎಲ್ಲಿ ಹಂಪಿದೆ, ಎಲ್ಲಿ ಗುಂಡಿ ಬಿದ್ದಿದೆ ಎಲ್ಲ ಬಾಯಿಪಾಠ. ಮೈಲೇಜ್ ಲೀಟರಿಗೆ ಹದಿನೇಳು ಕಿಲೋಮೀಟರಿನ ಹಿಂದೆಮುಂದೆ ಇರುತ್ತೆ, ಮಳೆಗಾಲದಲ್ಲಿ ಒಂದರ್ಧ ಕಮ್ಮಿ. ನಾನು ನೋಡೋದು ಟ್ಯಾಂಕಿನಿಂದ ಟ್ಯಾಂಕಿಗೆ. ಟ್ಯಾಂಕ್ ತುಂಬಿ ನಾಝಲ್ ಮೊದಲ ಸಲ ತಾನಾಗಿ ಕಟ್ ಆದ ಕಡೆಗೇ ನಿಲ್ಲಿಸಬೇಕು. ಬಂಕಿನ ಹುಡುಗ "ರೌಂಡ್ ಮಾಡ್ಲಾ ಅಕ್ಕ?" ಅಂತ ಕೇಳೇ ಕೇಳ್ತಾನೆ, ಬೇಡ ಅಂತೀನಿ, ಚಿಲ್ಲರೆ ಕೊಡ್ತೀನಿ. ಟ್ರಿಪ್ ಮೀಟರ್ ಸೊನ್ನೆಗೆ ತರ್ತೀನಿ. ಮುಂದಿನ ಸಲ ಮತ್ತೆ ಮೊದಲ ಕಟ್‌ಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಿ ಚೀಟಿಯಲ್ಲಿ ಬರೆದಿಡ್ತೀನಿ. ಡ್ಯಾಶ್‌ಬೋರ್ಡಿನಲ್ಲಿ ತೋರಿಸೋ ಅಂಕಿಯನ್ನು ನಾನು ನಂಬಲ್ಲ. ನನ್ನ ಕಾರಿನದು ಯಾವಾಗಲೂ ಒಂದು ಕಿಲೋಮೀಟರ್ ಹೆಚ್ಚಿಗೆ ಹೇಳುತ್ತೆ.

ಆಷಾಢದಲ್ಲಿ ಒಂದು ಟ್ಯಾಂಕಿಗೆ 15.6 ಬಂತು. ಮಳೆ ಜೋರಿತ್ತು, ಇರಲಿ ಅಂದುಕೊಂಡೆ. ಮುಂದಿನ ಟ್ಯಾಂಕಿಗೆ 14.9. ಎದೆ ಧಸಕ್ ಅಂತು. ಶಿವಮೊಗ್ಗದಲ್ಲಿ ಸರ್ವೀಸಿಗೆ ಬಿಟ್ಟೆ. ಎಲ್ಲಿ ಅಂತ ಬರೆಯಲ್ಲ. ಅಲ್ಲಿಯವರು ಕಾರನ್ನು ನೋಡೋದಕ್ಕೆ ಮೊದಲೇ ಉತ್ತರ ಕೊಟ್ಟರು: "ಮಳೆಗಾಲ ಮೇಡಂ, ಅದರ ಮೇಲೆ ಎಥೆನಾಲ್ ಪೆಟ್ರೋಲು. ಎಲ್ಲರ ಗಾಡಿನೂ ಹಾಗೇ." ಏರ್ ಫಿಲ್ಟರ್ ಬದಲಿಸಿ ಬಿಲ್ ಕೊಟ್ಟು ಕಳಿಸಿದರು.

ಲೆಕ್ಕ ಇಡದವಳಾಗಿದ್ದರೆ ಆ ಉತ್ತರ ಒಪ್ಪಿಕೊಂಡು ಸುಮ್ಮನಾಗ್ತಿದ್ದೆ. ಎಥೆನಾಲಿನ ಮಾತು ಸುಳ್ಳೇನಲ್ಲ. ಒಂದು ಲೀಟರ್ ಎಥೆನಾಲಿನಲ್ಲಿರೋ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಮ್ಮಿ. ಶೇ. 20 ಬೆರೆಸಿದರೆ ಒಟ್ಟಿಗೆ ಕಮ್ಮಿಯಾಗೋದು ಶೇ. 6-7. ಹದಿನೇಳು ಕೊಡ್ತಿದ್ದದ್ದು ಹದಿನಾರಕ್ಕೆ ಇಳಿದರೆ ಎಥೆನಾಲ್ ಅನ್ನಬಹುದು. ಹದಿನೈದರ ಕೆಳಗೆ ಹೇಗೆ ಹೋಗುತ್ತೆ? ಅದೂ ಅದೇ ಬಂಕು, ಅದೇ ಪೆಟ್ರೋಲು, ಎರಡು ಟ್ಯಾಂಕಿನ ಹಿಂದೆ ಸರಿಯಾಗಿತ್ತು!

ತೀರ್ಥಹಳ್ಳಿಯಲ್ಲಿ ನಮ್ಮ ಅಪ್ಪಯ್ಯನ ಕಾಲದಿಂದ ಗಾಡಿ ನೋಡೋ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರ ಹತ್ತಿರ ಹೋಗಿ ಚೀಟಿ ತೋರಿಸಿದೆ. ಬಾನೆಟ್ ಎತ್ತಲೂ ಇಲ್ಲ ಪುಣ್ಯಾತ್ಮ. "ಗಾಡಿ ನ್ಯೂಟ್ರಲ್ಲಲ್ಲಿ ತಳ್ಳಿದ್ರೆ ಮೊದಲಿನ ಹಾಗೆ ಉರುಳುತ್ತಾ ಅಕ್ಕ?" ಅಂತ ಕೇಳಿದರು. ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದರು. ಮುಂದಿನ ಎಡ ಚಕ್ರದ ಹತ್ತಿರ ಹಿಡಿದ ಕೈ ಹಿಂದಕ್ಕೆ ತಗೊಂಡು, ನನ್ನ ಕೈ ಹಿಡಿಯೋಕೆ ಹೇಳಿದರು. ಮಳೆಯಲ್ಲಿ ನೆಂದು ಬಂದ ಗಾಡಿಯ ಆ ಒಂದು ಚಕ್ರ ಮಾತ್ರ ಒಲೆಯಿಂದ ಇಳಿಸಿದ ಬಾಣಲೆ ಹಾಗೆ ಕಾದಿತ್ತು. ಜಾಕ್ ಕೊಟ್ಟು ಎತ್ತಿ ಚಕ್ರ ತಿರುಗಿಸಿದರೆ ಅರ್ಧ ಸುತ್ತಿಗೆ ನಿಂತುಹೋಯಿತು. ಬ್ರೇಕ್ ಹಿಡ್ಕೊಂಡಿತ್ತು. ಬ್ರೇಕ್ ಪ್ಯಾಡನ್ನು ಒತ್ತಿ ಹಿಡಿಯೋ ಕ್ಯಾಲಿಪರ್ ಜಾರೋ ಪಿನ್ನಿನ ರಬ್ಬರ್ ಹರಿದು, ಒಳಗೆ ಕೆಸರುನೀರು ಹೋಗಿ ತುಕ್ಕು ಹಿಡಿದು ಪಿನ್ನು ಅಲ್ಲಾಡ್ತಾನೇ ಇರಲಿಲ್ಲ. ಬಿಚ್ಚಿದಾಗ ಹೊರಗಿನ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು, ಒಳಗಿನದು ಸವೆದು ತಗಡು ಕಾಣ್ತಿತ್ತು. ಆ ತಗಡನ್ನು ಅವರು ನನ್ನ ಕೈಗಿಟ್ಟು, "ಈ ಗಾಡಿಯಲ್ಲಿ ಘಾಟಿ ಇಳಿದಿದ್ರಾ?" ಅಂತ ಕೇಳಿದರು. ಇಳಿದಿರಲಿಲ್ಲ. ಮುಂದಿನ ಭಾನುವಾರ ಇಳಿಯೋದಿತ್ತು, ಅಕ್ಕನ ಮೊಮ್ಮಕ್ಕಳನ್ನು ಕೂರಿಸಿಕೊಂಡು.

ಬ್ರೇಕಿನಲ್ಲಿ ಸದ್ದು ಬಂದಿರಲಿಲ್ಲ. ದೀಪ ಹೊತ್ತಿರಲಿಲ್ಲ. ಸ್ಟೇರಿಂಗ್ ಎಳೀತಿರಲಿಲ್ಲ, ಎಳೆದಿದ್ದರೂ ಮಳೆಯ ಗುಂಡಿಯಲ್ಲಿ ನನಗೆ ಗೊತ್ತಾಗಿರಲಿಲ್ಲ. ಹೇಳಿದ್ದು ಆ ಒಂದು ಅಂಕಿ. ಅದನ್ನು ನೋಡೋದಕ್ಕೆ ಜುಗ್ಗತನ ಅಂತೀರಾ?

ಆ ಟೋಪಿ ಹುಡುಗನಿಗೆ ಅಲ್ಲೇ ಹೇಳಬೇಕಿತ್ತು ಅಂತ ಕಾರು ಹತ್ತಿದ ಮೇಲೆ ಹೊಳೆದದ್ದು ಇನ್ನೊಂದಿದೆ. ಅವನ ತಲೆಯ ಮೇಲಿದ್ದ ಟೋಪಿ ಫಾರ್ಮುಲಾ ಒನ್ ಟೀಮಿನದು. ಅಲ್ಲಿ 2010ರಿಂದ ರೇಸಿನ ನಡುವೆ ಇಂಧನ ತುಂಬಿಸೋ ಹಾಗಿಲ್ಲ. 2014ರಲ್ಲಿ ಒಂದು ರೇಸಿಗೆ 100 ಕೆಜಿ ಇಂಧನ, ಅಷ್ಟರಲ್ಲೇ ಮುಗಿಸಬೇಕು ಅಂತ ಕಟ್ಟು ಹಾಕಿದರು, 2019ರಲ್ಲಿ ಅದನ್ನು 110 ಮಾಡಿದರು. ಜಗತ್ತಿನಲ್ಲೇ ಅತಿ ವೇಗದ ಡ್ರೈವರುಗಳಿಗೆ ರೇಡಿಯೋದಲ್ಲಿ "ಲಿಫ್ಟ್ ಅಂಡ್ ಕೋಸ್ಟ್" ಅಂತ ಹೇಳ್ತಾರೆ. ಅಂದರೆ ತಿರುವು ಬರೋದಕ್ಕೆ ಸ್ವಲ್ಪ ಮುಂಚೆಯೇ ಆಕ್ಸಿಲರೇಟರಿನಿಂದ ಕಾಲು ತೆಗೆ, ಗಾಡಿ ತಾನಾಗಿ ಉರುಳಲಿ, ಆಮೇಲೆ ಬ್ರೇಕ್ ಹಿಡಿ. ಅಡಿಕೆ ಲೋಡು ಹಾಕಿಕೊಂಡು ಮಂಡಗದ್ದೆ ರಸ್ತೆಯಲ್ಲಿ ಬರೋ ನಮ್ಮ ಹಳೇ ಲಾರಿ ಡ್ರೈವರುಗಳು ಮಾಡೋದು ಅದನ್ನೇ. ಕೆಎಸ್ಆರ್‌ಟಿಸಿ ಡಿಪೋಗಳಲ್ಲಿ ಡ್ರೈವರ್‌ವಾರು ಕೆಎಂಪಿಎಲ್, ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಬರೆದಿಡ್ತಾರೆ, ಯಾರ ಕಾಲು ಎಷ್ಟು ಹದ ಅಂತ ಅದರಲ್ಲೇ ಗೊತ್ತಾಗುತ್ತೆ. ರೇಸಿನವರಿಗೆ ಬೇಕು, ಬಸ್ಸಿನವರಿಗೆ ಬೇಕು. ನಡುವೆ ಇರೋ ಕಾರ್ ಪ್ರಿಯರಿಗೆ ಮಾತ್ರ ಅದು ಅವಮಾನ.

ನೀವು ಹೇಳೋದು ಗೊತ್ತು. "ಹವ್ಯಾಸಕ್ಕೆ ಯಾರಾದರೂ ಲೆಕ್ಕ ಇಡ್ತಾರಾ? ದುಡಿದಿದ್ದಾರೆ, ಸುಡ್ತಾರೆ, ನಿನಗೇನು?" ಅಂತ ನನ್ನ ತಮ್ಮನೇ ಫೋನಿನಲ್ಲಿ ಹೇಳಿದ. ಸುಡಲಿ. ಘಾಟಿಯಲ್ಲಿ ಕಾಲು ಒತ್ತಿ ಓಡಿಸಬೇಡಿ ಅಂತ ನಾನೆಲ್ಲಿ ಹೇಳಿದೆ? ಒಂಬತ್ತೇ ಕೊಡಲಿ, ಆ ಒಂಬತ್ತು ಯಾಕೆ ಅಂತ ತಿಳಿದು ಓಡಿಸಿ ಅಂತೀನಿ. ಎಕರೆಗೆ ಎಷ್ಟು ಕ್ವಿಂಟಾಲ್ ಬಂತು, ಮರಕ್ಕೆ ಎಷ್ಟು ಕೊನೆ ಬಿಟ್ಟಿದೆ ಅಂತ ನೋಡೋ ನನ್ನ ತಮ್ಮನಿಗೆ ತೋಟದ ಮೇಲೆ ಪ್ರೀತಿ ಇಲ್ಲ ಅಂತ ಯಾರೂ ಅಂದಿಲ್ಲ. ಅವನಿಗೂ ಅದನ್ನೇ ಹೇಳಿದೆ, ಸುಮ್ಮನಾದ.

ಇನ್ನೊಂದು ನೋಡಿ. ಹೋದ ತಿಂಗಳು ನಮ್ಮ ಬೀದಿಯವರೊಬ್ಬರು ಎಲೆಕ್ಟ್ರಿಕ್ ಕಾರಿನಲ್ಲಿ ಇದೇ ಆಗುಂಬೆ ಇಳಿದರು. ಕೆಳಗೆ ಮುಟ್ಟೋವಾಗ ಬ್ಯಾಟರಿ ಎರಡು ಪರ್ಸೆಂಟ್ ಹೆಚ್ಚಾಗಿತ್ತು ಅಂತ ಫೋಟೊ ಹಾಕಿದರು. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಒಂದು ಯೂನಿಟ್ಟಿಗೆ ಎಷ್ಟು ಕಿಲೋಮೀಟರ್ ಹೋಗುತ್ತೆ ಅಂತ ಅವರು ಮೂರು ಹೊತ್ತೂ ನೋಡ್ತಾರೆ, ಅದು ಟೆಕ್ನಾಲಜಿ. ಪೆಟ್ರೋಲಿನಲ್ಲಿ ಅದೇ ಕೆಲಸ ನಾನು ಮಾಡಿದರೆ ಸ್ಕೂಟಿ ತಗೊಳ್ಳಿ ಆಂಟಿ.

ಘಾಟಿ ಹತ್ತೋಕೆ ಎಷ್ಟು ಬೇಕಾಗುತ್ತೆ ಅಂತ ನಾನೂ ಮಗನೂ ಒಮ್ಮೆ ಕೂತು ಲೆಕ್ಕ ಹಾಕಿದ್ದೆವು. ಅಷ್ಟು ಸಂತೋಷದ ಸಂಜೆ ಕಮ್ಮಿ. ಜನ, ಸಾಮಾನು ಸೇರಿ 1200 ಕೆಜಿ ಗಾಡಿಯನ್ನು ಹೆಚ್ಚುಕಮ್ಮಿ 500 ಮೀಟರ್ ಮೇಲಕ್ಕೆ ಎತ್ತಬೇಕು. ಅದಕ್ಕೆ ಸುಮಾರು 60 ಲಕ್ಷ ಜೂಲ್ ಶಕ್ತಿ. ಒಂದು ಲೀಟರ್ ಪೆಟ್ರೋಲಿನಲ್ಲಿ 3 ಕೋಟಿ ಜೂಲಿಗಿಂತ ಹೆಚ್ಚಿದೆ, ಆದರೆ ಚಕ್ರಕ್ಕೆ ಸಿಗೋದು ಕಾಲು ಭಾಗ. ಉಳಿದದ್ದು ರೇಡಿಯೇಟರಿನಲ್ಲಿ, ಸೈಲೆನ್ಸರಿನಲ್ಲಿ ಬಿಸಿಯಾಗಿ ಹೋಗುತ್ತೆ. ಅಂದರೆ ರಸ್ತೆಯ ಖರ್ಚು ಬಿಟ್ಟು, ಎತ್ತರಕ್ಕೆ ಏರೋದಕ್ಕೇ ಮುಕ್ಕಾಲು ಲೀಟರ್ ಬೇಕು. ಅದನ್ನು ತಿಳಿದ ಮೇಲೆ ಆಗುಂಬೆ ಹತ್ತುವಾಗ ನನಗೆ ಕಾರಿನ ಮೇಲೆ ಗೌರವ ಜಾಸ್ತಿಯಾಯಿತು. ಕಂಪನಿಯವರು ಹೇಳೋ ಮೈಲೇಜ್ ಲ್ಯಾಬಿನಲ್ಲಿ ರೋಲರ್ ಮೇಲೆ 20 ನಿಮಿಷದ ಹತ್ತಿರ ಓಡಿಸಿ ತೆಗೆದದ್ದು. ವೇಗ 90 ದಾಟಲ್ಲ, ಎಸಿ ಇಲ್ಲ, ನಮ್ಮ ಘಾಟಿಯೂ ಇಲ್ಲ. ಅದು ಬರಲಿಲ್ಲ ಅಂತ ಶೋರೂಮಿಗೆ ಹೋಗಿ ಜಗಳವಾಡೋರನ್ನೂ ಕಂಡಿದ್ದೇನೆ. ನಮ್ಮ ಕಾರಿನ ಅಂಕಿ ನಮ್ಮ ರಸ್ತೆಯಲ್ಲಿ ನಾವೇ ಕಂಡುಕೊಳ್ಳಬೇಕು.

ಈಗ ಇಳಿಯೋ ಮಾತು. ಇದನ್ನು ಇಲ್ಲಿಯವರೆಗೆ ಯಾರಿಗೂ ಬರೆದು ಹೇಳಿರಲಿಲ್ಲ.

ಅಪ್ಪಯ್ಯನ ಹತ್ತಿರ ಪ್ರೀಮಿಯರ್ ಪದ್ಮಿನಿ ಇತ್ತು. ಆಗುಂಬೆಯಿಂದ ಇಳಿಯುವಾಗ ನ್ಯೂಟ್ರಲ್ ಮಾಡಿ ಇಳಿಸೋರು. ಕಾರ್ಬ್ಯುರೇಟರ್ ಗಾಡಿ, ಗೇರಿನಲ್ಲಿ ಇಳಿಸಿದರೆ ಎಂಜಿನ್ ಜೋರಾಗಿ ತಿರುಗ್ತಾ ಪೆಟ್ರೋಲ್ ಎಳ್ಕೊಳ್ತಾನೇ ಇರುತ್ತೆ, ಹಾಗಾಗಿ ಅವರ ಲೆಕ್ಕದಲ್ಲಿ ಉಳಿತಾಯ ಇತ್ತು. ಅಪಾಯವೂ ಇತ್ತು, ಆಗ ಯಾರು ಕೇಳ್ತಿದ್ದರು! ನಾನು ಡ್ರೈವಿಂಗ್ ಕಲಿತದ್ದೇ ಅವರ ಪಕ್ಕ ಕೂತು. 2009ರಲ್ಲಿ ನನ್ನ ಮೊದಲ ಕಾರಿನಲ್ಲಿ ಹಿಂದೆ ಎರಡು ಮಕ್ಕಳನ್ನು ಕೂರಿಸಿಕೊಂಡು ಅದೇ ಘಾಟಿಯನ್ನು ನ್ಯೂಟ್ರಲ್ಲಿನಲ್ಲಿ ಇಳಿಸಿದೆ. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. ಕಾಡಿನಲ್ಲಿ ಯಾರೋ ಏನೋ ಸುಡ್ತಿದ್ದಾರೆ ಅಂದುಕೊಂಡೆ. ಮುಂದಿನ ತಿರುವಿಗೆ ಬ್ರೇಕ್ ಒತ್ತಿದರೆ ಗಾಡಿ ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ, ಮುಂದಕ್ಕೆ ಜಾರಿತು. ಎರಡು ಕಾಲೂ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ತಿರುವಿನ ಕಲ್ಲುಕಟ್ಟೆಗೆ ಒಂದು ಮೊಳ ಇರುವಾಗ ನಿಲ್ಲಿಸಿದೆ. ಮಕ್ಕಳು "ಅಮ್ಮ, ಮಂಗ" ಅಂತ ಕಿಟಕಿಯಲ್ಲಿ ಮಂಗ ನೋಡ್ತಿದ್ದವು. ನನ್ನ ಮೊಣಕಾಲು ನಡುಗೋದು ನಿಲ್ಲೋಕೆ ಅರ್ಧ ಗಂಟೆ ಬೇಕಾಯಿತು.

ಅದಕ್ಕಿಂತ ಹೆಚ್ಚು ನೋವಾಗಿದ್ದು ಎಷ್ಟೋ ವರ್ಷದ ಮೇಲೆ. ಮಗ ಈ ಸ್ವಿಫ್ಟಿಗೆ ಎಂಜಿನ್ನಿನ ಅಂಕಿಗಳನ್ನು ಓದೋ ಒಬಿಡಿ ಯಂತ್ರ ಸಿಕ್ಕಿಸಿ ಫೋನಿನಲ್ಲಿ ತೋರಿಸಿದ. ಇಂಜೆಕ್ಷನ್ ಗಾಡಿಯನ್ನು, ಅಂದರೆ ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಪೆಟ್ರೋಲ್ ಅಳೆದು ಬಿಡೋ ಈಗಿನ ಗಾಡಿಯನ್ನು, ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಪೂರ್ತಿ ಕಾಲು ತೆಗೆದರೆ ಪೆಟ್ರೋಲ್ ಹೋಗೋದೇ ನಿಂತುಬಿಡುತ್ತೆ. ಸೊನ್ನೆ. ಚಕ್ರವೇ ಎಂಜಿನ್ನನ್ನು ತಿರುಗಿಸ್ತಿರುತ್ತೆ. ನ್ಯೂಟ್ರಲ್ಲಿಗೆ ಹಾಕಿದ ಕೂಡಲೇ ಎಂಜಿನ್ ಆರಿಹೋಗದೆ ಉಳಿಯೋಕೆ ಗಂಟೆಗೆ ಮುಕ್ಕಾಲು ಲೀಟರಿನ ಲೆಕ್ಕದಲ್ಲಿ ಕುಡಿಯೋಕೆ ಶುರು ಮಾಡುತ್ತೆ. ಫೋನಿನಲ್ಲಿ ಆ ಸೊನ್ನೆ ನೋಡಿ ನಾನು ಸುಮ್ಮನೆ ಕೂತೆ. ಇಬ್ಬರು ಮಕ್ಕಳ ಜೀವ ಒತ್ತೆ ಇಟ್ಟು ನಾನು ಅವತ್ತು ಒಂದು ಹನಿ ಪೆಟ್ರೋಲನ್ನೂ ಉಳಿಸಿರಲಿಲ್ಲ, ಹೆಚ್ಚಿಗೇ ಸುಟ್ಟಿದ್ದೆ. ಅಳೆದು ನೋಡಿರಲಿಲ್ಲ, ಅಪ್ಪಯ್ಯ ಮಾಡ್ತಿದ್ದರು ಅಂತ ಮಾಡಿದ್ದೆ. ಈಗಲೂ ಆಗುಂಬೆ, ಹುಲಿಕಲ್ ಇಳಿಯುವಾಗ ನ್ಯೂಟ್ರಲ್ ಮಾಡೋರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ, ಉಳಿತಾಯ ಅಂತಲೇ ಮಾಡೋದು. ಇದನ್ನು ಓದಿದವರು ದಯವಿಟ್ಟು ನಿಮ್ಮ ಮನೆಯ ಹಿರಿಯರಿಗೆ ತೋರಿಸಿ. ಸೆಕೆಂಡ್ ಗೇರ್ ಹಾಕಿ, ಕಾಲು ತೆಗೆದು ಇಳಿಸಿ. ಬ್ರೇಕೂ ಉಳಿಯುತ್ತೆ, ಪೆಟ್ರೋಲೂ ಉಳಿಯುತ್ತೆ.

ನಡುವೆ ಎರಡು ವರ್ಷ ನಾನೂ ಆ ಹುಡುಗರ ಹಾಗೇ ಇದ್ದೆ, ಅದನ್ನೂ ಹೇಳ್ತೀನಿ. ಈ ಕಾರು ತಗೊಂಡ ಹೊಸತು. ಕಾರಿನ ಗೆಳೆಯರ ಗುಂಪಿನಲ್ಲಿ ನಾನೊಬ್ಬಳೇ ಹೆಂಗಸು. ಮೈಲೇಜ್ ಅಂದರೆ ಮನೆವಾರ್ತೆ ಹೆಂಗಸಿನ ಮಾತು ಅಂತಾರೆ ಅಂತ ಬಾಯಿ ಬಿಡ್ತಿರಲಿಲ್ಲ, ಬರೆಯೋದನ್ನೂ ಬಿಟ್ಟೆ. ಬೆಂಗಳೂರಿಗೆ ಹೋಗುವಾಗ ತುಮಕೂರು ಬರೋವರೆಗೆ ನೂರ ಹತ್ತರ ಮೇಲೇ ಇಡ್ತಿದ್ದೆ. ಎಂಬತ್ತರಿಂದ ನೂರ ಹತ್ತಕ್ಕೆ ಹೋದರೆ ಗಾಳಿಯ ತಡೆ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತೆ, ವೇಗದ ವರ್ಗಕ್ಕೆ ಸರಿಯಾಗಿ ಏರುತ್ತೆ ಅದು. ಆಗ ಅದೂ ಗೊತ್ತಿರಲಿಲ್ಲ, ಮೇಲಿನ ಖಾಲಿ ಕ್ಯಾರಿಯರ್ ಅದಕ್ಕೆ ಇನ್ನಷ್ಟು ಸೇರಿಸ್ತಿದೆ ಅಂತಲೂ ಗೊತ್ತಿರಲಿಲ್ಲ. ಆ ಎರಡು ವರ್ಷ ನನ್ನ ಕಾರು ಹೇಗಿತ್ತು ಅಂತ ಇವತ್ತು ಯಾರಾದರೂ ಕೇಳಿದರೆ ನನ್ನ ಹತ್ತಿರ ಒಂದಕ್ಷರವೂ ಇಲ್ಲ. ನಾಚಿಕೆಯಿಂದ ಬಿಟ್ಟ ಆ ಎರಡು ವರ್ಷದ ಬಗ್ಗೆ ಈಗ ಹೊಟ್ಟೆ ಉರಿಯುತ್ತೆ. ಇವತ್ತು ಚಾ ಅಂಗಡಿಯಲ್ಲಿ ಅಷ್ಟು ಸಿಟ್ಟು ಬಂದದ್ದು ಅದಕ್ಕೂ ಇರಬಹುದು.

ದುಡ್ಡಿನ ಮಾತನ್ನು ನಾನು ಎತ್ತಿಲ್ಲ ನೋಡಿ. ಲೀಟರಿಗೆ ನೂರು ರೂಪಾಯಿ ದಾಟಿ ಎಷ್ಟು ದಿನವಾಯಿತು, ಈ ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕಿಂತ ಹೆಚ್ಚು ಹೊರಗಿಂದ ಬರುತ್ತೆ, ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ನಮ್ಮ ಆಗುಂಬೆಯ ಕಾಡಿನ ಮೇಲೇ ಏಳುತ್ತೆ. ಇವೆಲ್ಲ ನಿಜ, ನನಗೂ ಮುಖ್ಯವೇ. ಆದರೆ ಪೆಟ್ರೋಲ್ ನಾಳೆ ಹತ್ತು ರೂಪಾಯಿಗೆ ಸಿಕ್ಕಿದರೂ ನಾನು ಚೀಟಿ ಬರೀತೀನಿ.

ಆ ಹುಡುಗರಲ್ಲಿ ಒಬ್ಬ, ನಕ್ಕವನಲ್ಲ, ಬಾನೆಟ್ ಮುಚ್ಚಿದವನು, ನಾನು ಕಾರು ಹತ್ತುವಾಗ ಹತ್ತಿರ ಬಂದ. "ಆಂಟಿ, ಡಿಸ್‌ಪ್ಲೇ ಎಂಟೂವರೆ ತೋರಿಸ್ತಿದೆ. ಅದು ಘಾಟಿಗಾ, ಅಥವಾ ಏನಾದ್ರೂ ಪ್ರಾಬ್ಲಮ್ಮಾ?" ಅಂತ ಮೆಲ್ಲಗೆ ಕೇಳಿದ. ಟ್ರಿಪ್ ಎಲ್ಲಿ ಸೊನ್ನೆ ಮಾಡಿದ್ದೆ ಅಂತ ಕೇಳಿದೆ. ಯಾವತ್ತೂ ಮಾಡಿಲ್ಲವಂತೆ. ತೀರ್ಥಹಳ್ಳಿಯಲ್ಲಿ ಫುಲ್ ಮಾಡಿಸು, ಮೊದಲ ಕಟ್‌ಗೆ ನಿಲ್ಲಿಸು, ಶಿವಮೊಗ್ಗಕ್ಕೆ ಹೋಗಿ ಮತ್ತೆ ಹಾಗೇ ತುಂಬಿಸು, ಎರಡರ ನಡುವಿನ 60 ಚಿಲ್ಲರೆ ಕಿಲೋಮೀಟರ್ ಕಾಲು ಹಗುರ ಇಟ್ಟು ಓಡಿಸು ಅಂದೆ. ಅಷ್ಟು ಕಮ್ಮಿ ದೂರಕ್ಕೆ ಅಂಕಿ ಕರಾರುವಾಕ್ಕಾಗಿ ಸಿಗಲ್ಲ, ಇನ್ನೂ ಎರಡು ಮೂರು ಟ್ಯಾಂಕ್ ನೋಡು ಅಂತಲೂ ಹೇಳಿದೆ. ತಲೆಯಾಡಿಸಿದ. ನಂಬರ್ ತಗೊಂಡಿಲ್ಲ, ಏನು ಬಂತೋ ಗೊತ್ತಿಲ್ಲ.

ನಾನೂ ಬರ್ತಾ ತುಂಬಿಸಿದೆ. 412 ಕಿಲೋಮೀಟರಿಗೆ 25.1 ಲೀಟರ್ ಹಿಡೀತು. 16.4. ಘಾಟಿ ಒಂದು ಸಲ ಇಳಿದು ಹತ್ತಿದ್ದಿದೆ, ಆದರೂ ನನ್ನ ಮನಸ್ಸಿಗೆ ಅರ್ಧ ಕಮ್ಮಿ ಅನ್ನಿಸ್ತಿದೆ. ಗಾಳಿ ಹಾಕಿಸಿ ತಿಂಗಳ ಮೇಲಾಯಿತು. ನಾಳೆ ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಪಂಕ್ಚರ್ ಅಂಗಡಿಗೆ ಹೋಗಬೇಕು, ಹಿಂದಿನ ಎಡಗಡೆಯದನ್ನು ಮೊದಲು ನೋಡಿಸಬೇಕು.